ತೆಳು ದಾರದಲ್ಲಿ ಚೊಣಕ: ಜುವಾರಿ ಹೊಳೆಯಲ್ಲಿ ನನ್ನ ಅನುಭವ

ಅಮಾವಾಸ್ಯೆ ಕಳೆದು ಎರಡನೇ ದಿನ. ಸಂಜೆಯ ಇಳಿತ. ಗೋವಾದ ಕುಠ್ಠಾಳಿ ಕಡೆಯ ಒಂದು ಮಾನಸದ ಹತ್ತಿರ ಆರು ಕಿಲೋ ಚಿಲ್ಲರೆಯ ಚೊಣಕ (ಬಾರಾಮುಂಡಿ ಮೀನು) ಎಳೆದು ಹಾಕಿದೆ. ರೀಲು 3000 ಸೈಜು, ರಾಡು ಏಳಡಿಯ ಮೀಡಿಯಂ, ಬ್ರೇಡು (ಹೆಣೆದ ದಾರ) ಪಿಇ 1.5. ಈ ನಂಬರು ಹೆಚ್ಚಾದಷ್ಟೂ ದಾರ ದಪ್ಪ. "ಈ ನೂಲಲ್ಲಿ ಕಾಣೆ ಮೀನು ಹಿಡಿ ಮಾರಾಯ, ಚೊಣಕ ನಿನ್ನ ಕೈಗೆಲ್ಲಿ" ಅಂತ ಎರಡು ವರ್ಷ ನಗಾಡಿದ ಕಾರವಾರದ ಅಣ್ಣನೇ ಅದರ ಬಾಯಿಗೆ ಗ್ರಿಪ್ಪರ್ ಹಾಕಿದ್ದು. ಹಾಗಾಗಿ ಬರೆಯೋ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ಮಾನಸ ಅಂದರೆ ಗೋವಾದ ಖಜಾನ ಗದ್ದೆಯ (ಹೊಳೆ ಬದಿ ಒಡ್ಡು ಕಟ್ಟಿದ ಗದ್ದೆ) ನೀರಿನ ಬಾಗಿಲು. ನಮ್ಮ ಕುಮಟಾ ಕಡೆ ಗಜನಿಗೆ ಜಂತ್ರಡಿ ಇರುತ್ತದಲ್ಲ, ಅದೇ. ಇಳಿತಕ್ಕೆ ಒಳಗಿನ ನೀರು ಹೊಳೆಗೆ ಬೀಳುವಾಗ ಸಿಗಡಿ, ಮರಿಮೀನು ಜೊತೆಗೇ ಬರುತ್ತವೆ. ಚೊಣಕ ಹೊರಗೆ ಕಾಯುತ್ತಿರುತ್ತದೆ. ಮಾನಸದ ಮೀನು ಹರಾಜಲ್ಲಿ ಹಿಡಿದವರದ್ದು. ಮೊದಲು ಅವರ ಹತ್ತಿರ ಮಾತಾಡಿಕೊಳ್ಳಿ. ನಾನು ಯಾವ ಮಾನಸಕ್ಕೆ ಹೋಗ್ತೇನೆ ಅಂತ ಮಾತ್ರ ಕೇಳಬೇಡಿ.

ಶುರುವಲ್ಲಿ ನಾನೂ ಎಲ್ಲರ ಹಾಗೇ ದಪ್ಪದ ಹಿಂದೆ ಹೋದವನು. ಮೊದಲು ಮಡಚುವ ರಾಡು, ರೀಲು ಸೇರಿ 1,800 ರೂಪಾಯಿ. ಮೂರನೇ ವಾರಕ್ಕೇ ಎರಡನೇ ಗೆಣ್ಣಿನಲ್ಲಿ ಸೀಳಿತು. ಆಮೇಲೆ ಒಂಬತ್ತಡಿಯ ಹೆವಿ ರಾಡು, 6000 ರೀಲು, 0.45 ಎಂಎಂ ತಂಗೂಸಿ (ನೈಲಾನ್ ದಾರ). ಹತ್ತು ಸಾವಿರದ ಹತ್ತಿರ ಹೋಯಿತು. ರೀಲೊಂದೇ 600 ಗ್ರಾಂ ಇತ್ತು. ನೂರು ಸಲ ಬೀಸುವಷ್ಟರಲ್ಲಿ ಭುಜ ಬಿದ್ದುಹೋಗುತ್ತಿತ್ತು. ಒಂದು ಮಳೆಗಾಲ ಪೂರ್ತಿ ಅದರಲ್ಲಿ ಸಿಕ್ಕಿದ್ದು ಎರಡು ತಾಂಬಸ ಮೀನು, ಒಂದು ಪ್ಲಾಸ್ಟಿಕ್ ಚೀಲ.

ತಪ್ಪು ಎಲ್ಲಿದೆ ಅಂತ ಗೊತ್ತಾಗಿದ್ದು ಬೈಂದೂರಿನ ಹುಡುಗನೊಬ್ಬ ಪಕ್ಕದಲ್ಲಿ ನಿಂತು ಬೀಸಿದಾಗ. ಇಬ್ಬರದ್ದೂ ಒಂದೇ ರಬ್ಬರ್ ಸಿಗಡಿ, 12 ಗ್ರಾಂ ಜಿಗ್ (ತೂಕ ಕಟ್ಟಿದ ಗಾಳ). ಅವನ ದಾರ ತೆಳು ಬ್ರೇಡು, ಜಿಗ್ ತಳ ಮುಟ್ಟುತ್ತಿತ್ತು. ನನ್ನದು ಮೇಲೇ ತೇಲಿ ಸೇತುವೆ ಕಡೆಗೆ ಹೋಗುತ್ತಿತ್ತು. ದಪ್ಪ ದಾರವನ್ನು ನೀರಿನ ಸೆಳೆತ ಹೊಟ್ಟೆ ಬಿಟ್ಟ ಹಾಗೆ ಎಳೆಯುತ್ತದೆ, ಜಿಗ್ ಕೆಳಗೆ ಇಳಿಯೋದೇ ಇಲ್ಲ. ಅಷ್ಟೇ ತಳ ಮುಟ್ಟಿಸೋಕೆ ನನಗೆ 25 ಗ್ರಾಂ ಬೇಕಾಗುತ್ತಿತ್ತು. 25 ಗ್ರಾಂ ಕಟ್ಟಿದರೆ ಸಿಗಡಿ ಸಿಗಡಿ ಹಾಗೆ ಆಡೋದಿಲ್ಲ, ಕಲ್ಲು ಬಿದ್ದ ಹಾಗೆ ಬೀಳುತ್ತದೆ.

ಸರಿ, ಬ್ರೇಡು ಹಾಕಿದೆ. ಕಷ್ಟ ಶುರುವಾಗಿದ್ದು ಅಲ್ಲಿಂದ. ಮೊದಲ ಸಲ ನಾಲ್ಕೆಳೆಯದ್ದು, 600 ರೂಪಾಯಿ. ಸ್ಪೂಲಿಗೆ ಸೀದಾ ಸುತ್ತಿದ್ದೆ. ಅಡಿಯಲ್ಲಿ ಹತ್ತು ಸುತ್ತು ತಂಗೂಸಿ ಹಾಕದಿದ್ದರೆ ಬ್ರೇಡು ಇಡೀ ಉಂಡೆಯಾಗಿ ಸ್ಪೂಲಿನ ಮೇಲೆ ಜಾರುತ್ತದೆ. ಡ್ರ್ಯಾಗ್ (ಮೀನು ಎಳೆದಾಗ ದಾರ ಬಿಡುವ ರೀಲಿನ ಬ್ರೇಕು) ಕೆಟ್ಟಿದೆ ಅಂತ ರೀಲು ಬಿಚ್ಚಿ ಕೂತಿದ್ದೆ, ದಡ್ಡ. ಮುಂದೆ ಮೂರು ಒಳ್ಳೆಯ ಮೀನು ಕಳೆದುಕೊಂಡೆ. ಒಂದು ಕಲ್ಲಿನ ಸಿಂಪಿ ಚಿಪ್ಪಿಗೆ ತಾಗಿ ಹೋಯಿತು. ಇನ್ನೊಂದು ತನ್ನ ಕಿವಿರಿನ ಮುಚ್ಚಳದಿಂದಲೇ ಲೀಡರ್ (ಬ್ರೇಡಿನ ತುದಿಗೆ ಕಟ್ಟುವ ಗಟ್ಟಿ ದಾರ) ಕೊಯ್ದುಕೊಂಡಿತು. ಚೊಣಕದ ಆ ಮುಚ್ಚಳ ಬ್ಲೇಡು. ಕೈ ಹಾಕಿದವರಿಗೆ ಗೊತ್ತು. ಮೂರನೆಯದ್ದು ಗಾಳವನ್ನೇ ಬಿಡಿಸಿಕೊಂಡಿತು. ಅಗ್ಗದ ಲೂರಿನ (ನಕಲಿ ಮೀನಿನ) ಮೂರು ಕೊಕ್ಕೆಯ ಗಾಳ ಸೇಫ್ಟಿ ಪಿನ್ನಿನ ಹಾಗೆ ನೆಟ್ಟಗಾಗಿ ವಾಪಸ್ ಬಂತು.

ಅಣ್ಣ ಹೇಳಿದ್ದು: ದಾರ ದಪ್ಪ ಮಾಡು. ನಾನು ಮಾಡಿದ್ದು: ಲೀಡರ್ ಉದ್ದ ಮಾಡಿದೆ. ಎಲ್ಲರೂ ಎರಡಡಿ ಕಟ್ಟುತ್ತಾರೆ. ನಾನು 40 ಪೌಂಡಿನ ಫ್ಲೋರೋಕಾರ್ಬನ್ ಒಂದೂವರೆ ಮಾರು ಕಟ್ಟುತ್ತೇನೆ. ಬ್ರೇಡಿಗೆ ಲೀಡರ್ ಸೇರಿಸುವ ತೆಳು ಎಫ್‌ಜಿ ಗಂಟು ಹಾಕಿದರೆ ರಾಡಿನ ಬಳೆಗಳಲ್ಲಿ ಸಲೀಸಾಗಿ ಓಡುತ್ತದೆ. ಮೀನು ಕಾಲಬಳಿ ಬಂದಾಗ ಗಂಟು ರೀಲಿನೊಳಗೆ ಇರುತ್ತದೆ, ಕಲ್ಲಿಗೆ ತಾಗುವುದು ಲೀಡರ್ ಮಾತ್ರ. ಗಂಟಿನ ಕೊನೆ ಕಟ್ಟುವ ರೀತಿ ಒಂದಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಡ್ರ್ಯಾಗ್ ಕೈಯಂದಾಜಿನಲ್ಲಿ ಬಿಗಿ ಮಾಡೋದು ಬಿಟ್ಟೆ. ಊರಿಗೆ ಹೋಗುವಾಗ ಬ್ಯಾಗು ತೂಗುವ ತಕ್ಕಡಿಯನ್ನು ಕಿಟಕಿ ಸರಳಿಗೆ ಕಟ್ಟಿ, ರಾಡು ಬಾಗಿಸಿ ಎಳೆದು ನೋಡಿದೆ. ಎರಡೂವರೆ ಕಿಲೋಗೆ ದಾರ ಬಿಡಬೇಕು. ರೀಲಿಂದ ಸೀದಾ ಎಳೆದರೆ ಎರಡೇ ತೋರಿಸುತ್ತದೆ. ಬಳೆಗಳ ಉಜ್ಜಾಟದ ಲೆಕ್ಕ ಅದು. ಬ್ರೇಡು ಹಿಗ್ಗೋದಿಲ್ಲ. ಹಾಗಾಗಿ ಬಿಗಿ ಜಾಸ್ತಿಯಾದರೆ ತುಟಿಯೇ ಹರಿದು ಬರುತ್ತದೆ.

ಈ ನಡುವೆ ಬೇರೆ ಪ್ರಯೋಗಗಳೂ ಆದವು. ರೀಲಿನ ಬೇರಿಂಗಿಗೆ ತೆಂಗಿನೆಣ್ಣೆ ಬಿಟ್ಟೆ. ಎರಡು ತಿಂಗಳಿಗೆ ಅಂಟಾಯಿತು, ಇರುವೆ ಬೇರೆ. ಈಗ ಸುಮ್ನೆ ಸಿಹಿನೀರಲ್ಲಿ ತೊಳೆದು ಹೊಲಿಗೆ ಮಿಷನ್ ಎಣ್ಣೆ ಒಂದು ಹನಿ. ಹಳೇ ಬ್ರೇಡನ್ನು ತಿರುವಿ ಸುತ್ತಿದ್ದು ಮಾತ್ರ ಚೆನ್ನಾಗಿ ಆಯಿತು. ಅಡಿಯಲ್ಲಿದ್ದ ಹೊಸ ತುದಿ ಮೇಲೆ ಬಂದು, 1,400 ರೂಪಾಯಿಯ ಎಂಟೆಳೆ ದಾರ ಇನ್ನೊಂದು ವರ್ಷ ಬಂತು. ಕುಂಬಾರಜುವೆ ಕಾಲುವೆಯಲ್ಲಿ ಮೊಣಕಾಲು ನೀರಲ್ಲಿ ನಿಂತು ಬೀಸುವ ಪ್ರಯೋಗ ಮಾಡಲಿಲ್ಲ. ಅಲ್ಲಿ ಮೊಸಳೆ ಇದೆ.

ಈಗಿನ ಸೆಟ್ಟಿನ ಖರ್ಚು: ರೀಲು ನಾಲ್ಕೂವರೆ ಸಾವಿರ, ಬ್ರೇಡು, ಲೀಡರ್ ಸೇರಿ ಎರಡು ಸಾವಿರ, ರಾಡು 2,200. ಹೌದು, ರೀಲಿಗಿಂತ ರಾಡಿಗೇ ಕಮ್ಮಿ. ಕಳೆದುಕೊಂಡಿದ್ದು ಸೇರಿಸಿದರೆ ಇಪ್ಪತ್ತು ಸಾವಿರ ದಾಟುತ್ತದೆ. ಆ ಲೆಕ್ಕ ಮನೆಯಲ್ಲಿ ಕ್ಯಾಲೆಂಡರಿನ ಹಿಂದೆ ಬೇರೆಯವರ ಕೈಬರಹದಲ್ಲಿದೆ.

ಆ ಆರು ಕಿಲೋದ ಚೊಣಕ ಸಿಕ್ಕ ದಿನ ಮೀನು ಎರಡು ಸಲ ಹಾರಿ ತಲೆ ಕೊಡವಿತು. ಕಿವಿರು ಪಟಪಟ ಬಡಿದ ಸದ್ದು ದಡಕ್ಕೆ ಕೇಳಿಸಿತು. "ಬಿಗಿ ಮಾಡು, ಬಿಗಿ ಮಾಡು" ಅಂತ ಅಣ್ಣ ಕೂಗುತ್ತಲೇ ಇದ್ದರು. ನಾನು ಡ್ರ್ಯಾಗ್ ಮುಟ್ಟಲಿಲ್ಲ. ಹತ್ತು ನಿಮಿಷ ಇರಬೇಕು, ಇಪ್ಪತ್ತು ಅಂತ ಅಣ್ಣ ಹೇಳ್ತಾರೆ. ಆಮೇಲೆ ಲೀಡರನ್ನು ಉಗುರಲ್ಲಿ ಎಳೆದು ನೋಡಿದರೆ ಗಾಳದ ಕಡೆಯಿಂದ ಎರಡು ಗೇಣು ಪೂರ್ತಿ ತರಿತರಿ. ಅದರಾಚೆಗೆ ಇನ್ನೊಂದು ಕಡೆ, ನಾಲ್ಕಡಿ ಮೇಲೆ, ಚಿಪ್ಪಿಗೆ ತಾಗಿದ ಗೀರು. ಎರಡಡಿ ಲೀಡರ್ ಆಗಿದ್ದರೆ ಅಲ್ಲಿ ಬ್ರೇಡು ಇರುತ್ತಿತ್ತು.

ಆ ಗೀರನ್ನು ಅಣ್ಣನಿಗೂ ತೋರಿಸಿದೆ. ಬೆರಳಲ್ಲಿ ಸವರಿ ನೋಡಿದರು, ಏನೂ ಹೇಳಲಿಲ್ಲ. ಹೋದ ವಾರ ಪಣಜಿಯಿಂದ ಹೊಸ ಬ್ರೇಡು ತಂದಿದ್ದಾರೆ. ಪಿಇ 3.