ನಿಂತುಹೋದ ಮಾರುತಿ 800: ಅಪ್ಪ, ಮಗಳು ಕೈಹಾಕುವ ಮುನ್ನ

ಬಾನೆಟ್ ಆಮೇಲೆ. ಮೊದಲು ಕಾಲಡಿಯ ಮ್ಯಾಟ್ ಎತ್ತಿ. ಬೆಳಗಾವಿ ಮಳೆನೀರು ಅಲ್ಲೇ ಇಂಗಿ ತಗಡು ತಿಂದಿರುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ: ಟಣ್ ಎಂದರೆ ಸರಿ, ಮಂದ ಸದ್ದಾದರೆ ಕೊಳೆತಿದೆ. ಅಂಗೈಯಗಲದ ತೂತಿಗೆ ಪ್ಯಾಚ್ ವೆಲ್ಡಿಂಗ್ ಸಾಕು. ಸೀಟಿನ ಬೋಲ್ಟ್ ಕೂರುವ ಜಾಗವೇ ಹೋಗಿದ್ದರೆ ಗಾಡಿ ಬಿಟ್ಟುಬಿಡಿ. ಆರ್‌ಸಿ ಇಲ್ಲದ್ದು ಪುಕ್ಕಟೆ ಕೊಟ್ಟರೂ ಬೇಡ.

ಸೆಲ್ಫ್ ಹೊಡೆಯುವ ಆತುರ ಬೇಡ. ಮೂರೂ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು, ಮರುದಿನ ಕ್ರ್ಯಾಂಕ್ ಪುಲ್ಲಿಯನ್ನು ಪಾನಾದಿಂದ ಕೈಯಲ್ಲೇ ತಿರುಗಿಸಿ. ಹಳೆ ಪೆಟ್ರೋಲ್ ಪೂರ್ತಿ ಇಳಿಸಿ. ಕಾರ್ಬುರೇಟರ್ ಜೆಟ್ಟಿಗೆ ತಂತಿ ತೂರಿಸಬೇಡಿ, ತೂತು ಹಿಗ್ಗಿದರೆ ಮೈಲೇಜ್ ಹೋಯಿತು; ಕ್ಲೀನರ್, ಗಾಳಿ ಸಾಕು. ಟೈಮಿಂಗ್ ಬೆಲ್ಟ್ ಚೆನ್ನಾಗಿ ಕಂಡರೂ ಬದಲಿಸಿ.

ದುಡ್ಡು ಉಳಿಸಬಾರದ ಜಾಗ ಬ್ರೇಕ್. ಹಳೆ ಬ್ರೇಕ್ ಆಯಿಲ್ ತೇವ ಹೀರಿ, ಹಿಂದಿನ ವೀಲ್ ಸಿಲಿಂಡರಿನ ಪಿಸ್ಟನ್ ಜಾಮ್ ಆಗಿರುತ್ತದೆ. ಸಿಲಿಂಡರ್ ಹೊಸದೇ ಹಾಕಿ. ಡ್ರಮ್ಮಿನಲ್ಲಿ ಗೀರು ಬಿದ್ದಿದ್ದರೆ ಉದ್ಯಮಬಾಗದ ಲೇತ್ ಅಂಗಡಿಯಲ್ಲಿ ವಿಚಾರಿಸಿ. ಕೆಳಗೆ ಹೋಗುವಾಗ ಗಾಡಿ ಆಕ್ಸಲ್ ಸ್ಟ್ಯಾಂಡ್ ಮೇಲಿರಲಿ. ಇಟ್ಟಿಗೆ, ಬರೀ ಜಾಕ್ ನಂಬಿ ಕೆಳಗೆ ನುಗ್ಗಬೇಡಿ. ಡ್ರಮ್ಮಿನೊಳಗಿನ ಧೂಳನ್ನು ಊದದೆ ಒದ್ದೆ ಬಟ್ಟೆಯಿಂದ ಒರೆಸಿ.

ಬ್ರೇಕ್ ಪೈಪಿನೊಳಗಿನ ಏರ್ ಹೀಗೆ ಪೆಡಲ್ ಒತ್ತಿ ತೆಗೆಯಲು ಇಬ್ಬರು ಬೇಕು. ಮಗಳು ಪೆಡಲ್ ಒತ್ತಿ ಹಿಡಿಯಲಿ, ಅಪ್ಪ ಚಕ್ರದ ಬಳಿಯ ಬ್ಲೀಡರ್ ನಿಪ್ಪಲ್ ಕಾಲು ಸುತ್ತು ಸಡಿಲಿಸಲಿ, ಗುಳ್ಳೆ ಬಂದಮೇಲೆ ಬಿಗಿಯಲಿ. "ಬಿಡು" ಎನ್ನುವವರೆಗೆ ಕಾಲು ಎತ್ತುವಂತಿಲ್ಲ. ಎತ್ತಿದರೆ ಗಾಳಿ ವಾಪಸ್ ಒಳಗೆ. ನಡುನಡುವೆ ಬ್ರೇಕ್ ಆಯಿಲ್ ಡಬ್ಬಿಗೆ ಡಾಟ್ 3 ಆಯಿಲ್ ತುಂಬುತ್ತಿರಿ. ಪೇಂಟಿನ ಮಾತು ಮುಂದಿನ ವರ್ಷಕ್ಕೆ.