ದಿನಕ್ಕೆ ಒಂದೇ ಜಾಗ: ಹುಬ್ಬಳ್ಳಿಯಿಂದ ಮೊಮ್ಮಕ್ಕಳ ಜೊತೆ ಬೇಸಿಗೆ ತಿರುಗಾಟ

ಏಪ್ರಿಲ್ ಎರಡನೇ ವಾರ ಮಗಳು ಬೆಂಗಳೂರಿನಿಂದ ಬಂದು ಇಬ್ಬರು ಮಕ್ಕಳನ್ನು ನಮ್ಮ ಮನೆಯಲ್ಲಿ ಬಿಟ್ಟು ಹೋಗುತ್ತಾಳೆ. ದೊಡ್ಡವಳಿಗೆ ಏಳು ವರ್ಷ, ಸಣ್ಣವನಿಗೆ ನಾಲ್ಕು. ಮೇ ಕೊನೆಯವರೆಗೆ ಅವರ ತಿರುಗಾಟವೆಲ್ಲ ನನ್ನ ಜವಾಬ್ದಾರಿ. ರೈಲ್ವೆ ವರ್ಕ್‌ಶಾಪಿನ ಕೆಲಸದಿಂದ ರಿಟೈರ್ ಆದಮೇಲೆ ಇದು ನನಗೆ ಬಹಳ ಪ್ರೀತಿಯ ಕೆಲಸ.

ಹೋದ ವರ್ಷ ಒಂದು ತಪ್ಪು ಮಾಡಿದೆ. ಮೇ ತಿಂಗಳಲ್ಲಿ ಒಂದೇ ದಿನ ಗದಗ ಕಡೆಯ ಬಿಂಕದಕಟ್ಟಿ ಮೃಗಾಲಯ, ವೀರನಾರಾಯಣ ಗುಡಿ, ಲಕ್ಕುಂಡಿ ಮೂರನ್ನೂ ನೋಡಿಸಬೇಕು ಅಂತ ಹೊರಟೆ. ಮಧ್ಯಾಹ್ನ ಒಂದು ಗಂಟೆಗೆ ಸಣ್ಣವನಿಗೆ ಮೈ ಕಾದು ವಾಂತಿ ಆಯಿತು. ದೊಡ್ಡವಳು ನೆರಳಲ್ಲಿ ಕೂತು ಅತ್ತಳು. ಮನೆಗೆ ಬಂದು ಏನು ನೋಡಿದಿರಿ ಎಂದು ಅಜ್ಜಿ ಕೇಳಿದರೆ ಇಬ್ಬರಿಗೂ ಏನೂ ನೆನಪಿರಲಿಲ್ಲ. ಆವತ್ತಿನಿಂದ ನಮ್ಮ ಮನೆಯ ನಿಯಮ: ದಿನಕ್ಕೆ ಒಂದೇ ಜಾಗ. ಅಲ್ಲಿಯೂ ಎಲ್ಲವನ್ನೂ ನೋಡಲೇಬೇಕು ಅಂತಿಲ್ಲ. ಮಗು ಎಲ್ಲಿ ನಿಲ್ಲುತ್ತದೋ ಅಲ್ಲಿ ನಾವೂ ನಿಲ್ಲಬೇಕು.

ಮೊದಲು ಹೊತ್ತಿನ ಮಾತು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಸಣ್ಣ ಮಕ್ಕಳನ್ನು ಬಯಲಿಗೆ ಕರೆದೊಯ್ಯಬೇಡಿ. ಮುಂಜಾನೆ ಆರಕ್ಕೆ ಮನೆ ಬಿಟ್ಟರೆ ಹತ್ತಕ್ಕೆ ಮುಗಿಸಬಹುದು. ಇಲ್ಲದಿದ್ದರೆ ಸಂಜೆ ಐದರ ಮೇಲೆ ಹೊರಡಿ. ಪಾರ್ಕಿನ ಕಬ್ಬಿಣದ ಜಾರುಬಂಡಿಯನ್ನು ಮೊದಲು ನಿಮ್ಮ ಅಂಗೈಯಿಂದ ಮುಟ್ಟಿ ನೋಡಿ, ಆಮೇಲೆ ಮಗುವನ್ನು ಹತ್ತಿಸಿ. ಐದೇ ನಿಮಿಷ ಅಂತ ಕಾರಿನೊಳಗೆ ಬಿಟ್ಟು ಹೋಗುವುದಂತೂ ಬೇಡವೇ ಬೇಡ.

ಚೀಲದಲ್ಲಿ ನಾನು ಇಡುವುದು ಇಷ್ಟು: ಎರಡು ಬಾಟಲಿ ನೀರು, ಉಪ್ಪು ಜೀರಿಗೆ ಹಾಕಿದ ಮಜ್ಜಿಗೆ, ಒದ್ದೆ ಟವೆಲ್, ಹತ್ತಿ ಟೊಪ್ಪಿಗೆ, ಒಂದು ಜೊತೆ ಬಟ್ಟೆ, ಓಆರ್‌ಎಸ್ ಪುಡಿ. ಪುಡಿ ಸಿಗದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕಲಸಿ. ಉಪ್ಪು ಜಾಸ್ತಿ ಆಗಬಾರದು. ಬಾಯಾರಿಕೆ ಅಂತ ಮಕ್ಕಳು ಹೇಳುವವರೆಗೆ ಕಾಯಬೇಡಿ, ಅರ್ಧ ತಾಸಿಗೊಮ್ಮೆ ನಾಲ್ಕು ಗುಟುಕು ಕುಡಿಸಿ. ಮೂತ್ರ ಗಾಢ ಹಳದಿ ಆದರೆ ನೀರು ಸಾಲುತ್ತಿಲ್ಲ ಅಂತ ಅರ್ಥ. ಮಗು ಮಂಕಾಗಿ ಮೈ ಸುಡುತ್ತಿದ್ದರೆ ಒದ್ದೆ ಬಟ್ಟೆಯಿಂದ ಮೈ ಒರೆಸುತ್ತಾ ಸೀದಾ ಡಾಕ್ಟರ ಹತ್ತಿರ ಹೋಗಿ. ಬುತ್ತಿಗೆ ಮೊಸರನ್ನ ಬೇಡ, ಬಿಸಿಲಿಗೆ ಬೇಗ ಹುಳಿಯಾಗುತ್ತದೆ. ಚಪಾತಿ, ಶೇಂಗಾ ಚಟ್ನಿ, ಬಾಳೆಹಣ್ಣು ಸಾಕು.

ಇನ್ನು ಜಾಗಗಳು. ನಾನು ಯಾವಾಗಲೂ ರೈಲ್ವೆ ಸ್ಟೇಷನ್ನಿನಿಂದ ಶುರು ಮಾಡುತ್ತೇನೆ. ಇದು ನನ್ನ ಪಕ್ಷಪಾತ ಅಂದರೂ ಸರಿ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ, ಪ್ರಪಂಚದಲ್ಲೇ ಎಲ್ಲಕ್ಕಿಂತ ಉದ್ದನೆಯದು. 2023ರ ಮಾರ್ಚಿನಲ್ಲಿ ಉದ್ಘಾಟನೆ ಆಯಿತು. ಹತ್ತು ರೂಪಾಯಿಯ ಪ್ಲಾಟ್‌ಫಾರ್ಮ್ ಟಿಕೆಟ್ ಎರಡು ತಾಸು ನಡೆಯುತ್ತದೆ. ಮುಂಜಾನೆ ತಂಪಿನಲ್ಲಿ ಒಂದು ತುದಿಯಿಂದ ಹೊರಡುತ್ತೇವೆ. ದೊಡ್ಡವಳು ಹೆಜ್ಜೆ ಎಣಿಸುತ್ತಾಳೆ. ನಡುವೆ ಒಂದು ಗೂಡ್ಸ್ ಗಾಡಿ ಬಂದರೆ ಎಣಿಕೆ ಅಲ್ಲಿಗೇ ನಿಂತು ಡಬ್ಬಿ ಎಣಿಸುವುದು ಶುರು. ಈ ಸಲ ಐವತ್ತೆಂಟು ಡಬ್ಬಿ. ಕೊನೆಯ ಡಬ್ಬಿಯಲ್ಲಿದ್ದ ಗಾರ್ಡ್ ಕೈ ಬೀಸಿದರು. ಸಣ್ಣವನು ಗಾಡಿ ಕಣ್ಮರೆಯಾಗುವವರೆಗೂ ತಿರುಗಿ ಕೈ ಬೀಸುತ್ತಲೇ ಇದ್ದ. ಇಬ್ಬರ ಕೈಯನ್ನೂ ಬಿಗಿ ಹಿಡಿದಿರಿ, ಹಳದಿ ಗೆರೆಯಿಂದ ಎರಡು ಮಾರು ಹಿಂದೆ ನಿಲ್ಲಿ. ಹಳಿಯ ಹತ್ತಿರ ಫೋಟೋ ಬೇಡ.

ಸ್ಟೇಷನ್ನಿಗೆ ಹತ್ತಿಕೊಂಡು ಗದಗ ರಸ್ತೆಯ ಬದಿಗೆ ರೈಲು ಮ್ಯೂಸಿಯಂ ಇದೆ. ಮಲಪ್ರಭಾ, ಘಟಪ್ರಭಾ ಅಂತ ಎರಡು ಹಳೆಯ ಬಂಗಲೆಗಳನ್ನು ಚೆನ್ನಾಗಿ ಉಳಿಸಿಕೊಂಡು 2020ರಲ್ಲಿ ತೆರೆದರು. ತೆರೆಯುವ ಹೊತ್ತು, ವಾರದ ರಜೆ ಕೇಳಿಕೊಂಡು ಹೋಗಿ. ಅದಕ್ಕೆ ಬೇರೆಯೇ ಒಂದು ದಿನ ಇಡಿ. ಮನೆಯಲ್ಲಿ ನಾನು ಇಟ್ಟುಕೊಂಡಿರುವ ಹಳೆಯ ದಪ್ಪ ರಟ್ಟಿನ ಟಿಕೆಟ್ ಒಂದನ್ನು ಮೊದಲ ದಿನ ತೋರಿಸಿದ್ದೆ. ಅದನ್ನು ಬೆರಳಲ್ಲಿ ಮಡಚಲು ನೋಡಿ, ಆಗದೆ, ಮೂಸಿ ನೋಡಿ ವಾಪಸ್ ಕೊಟ್ಟರು.

ಮಧ್ಯಾಹ್ನ ಮನೆಯಲ್ಲಿ ಹಿಡಿದಿಡಲು ಆಗದ ದಿನಕ್ಕೆ ನನ್ನ ಉಪಾಯ ಹುಬ್ಬಳ್ಳಿ ಧಾರವಾಡದ ನಡುವೆ ಓಡುವ ಚಿಗರಿ ಬಸ್. ಎಸಿ ಬಸ್, ತನ್ನದೇ ರಸ್ತೆ, ದೊಡ್ಡ ಕಿಟಕಿ. ಚಿಗರಿ ಅಂದರೆ ಕೃಷ್ಣಮೃಗ ಅಂತ ಹೇಳಿದರೆ ಮಕ್ಕಳು ಬಸ್ಸನ್ನೇ ಬೇರೆ ಕಣ್ಣಿನಿಂದ ನೋಡುತ್ತಾರೆ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ವಿಜ್ಞಾನ ಕೇಂದ್ರ ಇದೆ. ಒಳಗೆ ನೆರಳು, ಮುಟ್ಟಿ ಆಡುವ ಮಾದರಿಗಳು. ಬಿಸಿಲು ಇಳಿದ ಮೇಲೆ ಸಾಧನಕೇರಿಯ ಕೆರೆ ದಂಡೆ. ಬರುವಾಗ ಪೇಡೆ ಕಟ್ಟಿಸಿಕೊಳ್ಳಿ. ಹುಬ್ಬಳ್ಳಿಯಲ್ಲೇ ಇರುವುದಾದರೆ ಉಣಕಲ್ ಕೆರೆ, ಇಂದಿರಾ ಗಾಜಿನ ಮನೆ, ಮುಂಜಾನೆ ನೃಪತುಂಗ ಬೆಟ್ಟ. ಇವನ್ನು ಹೆಚ್ಚು ವಿವರಿಸಬೇಕಿಲ್ಲ, ಸಂಜೆಗೊಂದು ಮಂಡಕ್ಕಿ ಗಿರ್ಮಿಟ್ ಸಿಕ್ಕರೆ ಮಕ್ಕಳು ತಾವೇ ಆಡಿಕೊಳ್ಳುತ್ತಾರೆ.

ಗದಗಕ್ಕೆ ರೈಲಿನಲ್ಲಿ ಹೋಗಿ. ಐದು ವರ್ಷದೊಳಗಿನವರಿಗೆ ಟಿಕೆಟ್ ಬೇಡ. ಅಣ್ಣಿಗೇರಿ, ಹುಲಕೋಟಿ ದಾಟುವಾಗ ಬೋಳು ಎರೆ ಹೊಲಗಳು ಕಣ್ಣು ಹಾಯುವಷ್ಟು ದೂರ ಕಾಣುತ್ತವೆ. ಮೃಗಾಲಯಕ್ಕೆ ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಹೋಗಬೇಕು, ಹೊತ್ತೇರಿದರೆ ಪ್ರಾಣಿಗಳೂ ನೆರಳು ಹಿಡಿದು ಮಲಗುತ್ತವೆ.

ಲಕ್ಕುಂಡಿಗೆ ಇನ್ನೊಂದು ದಿನ. ಗದಗದಿಂದ ಸುಮಾರು 12 ಕಿಲೋಮೀಟರ್. ಸಣ್ಣ ಮಕ್ಕಳಿಗೆ ಅಲ್ಲಿ ಏನಿದೆ ಅಂತ ಬಹಳ ಜನ ಕೇಳುತ್ತಾರೆ. ಚಾಲುಕ್ಯರ ಇತಿಹಾಸ ಹೇಳಲು ಹೋಗಬೇಡಿ. ಕಾಶಿವಿಶ್ವನಾಥ ಗುಡಿಯ ಗೋಡೆಯಲ್ಲಿ ಸಿಂಹದ ಮುಖ ಎಷ್ಟಿವೆ ಹುಡುಕು ಅಂತ ಬಿಡಿ, ಮುಕ್ಕಾಲು ತಾಸು ಹೋಗುತ್ತದೆ. ಮಾಣಿಕೇಶ್ವರ ಗುಡಿಯ ಹತ್ತಿರ ಮುಸುಕಿನ ಬಾವಿ ಇದೆ. ಇಳಿಯುವ ಮೆಟ್ಟಿಲುಗಳ ಪಕ್ಕದ ಗೋಡೆಯಲ್ಲಿ ಪುಟ್ಟ ಪುಟ್ಟ ಗುಡಿಯಂಥ ಗೂಡುಗಳು. ಸಣ್ಣವನು ಒಂದರೊಳಗೆ ಕೈ ಹಾಕಿ, "ಅಜ್ಜಾ, ಇದು ಯಾರ ಮನೆ? ಎಲ್ಲಿಗೆ ಹೋಗ್ಯಾರ?" ಅಂದ. ದೊಡ್ಡವಳು ಪ್ರತಿ ಗೂಡಿಗೂ ಒಬ್ಬೊಬ್ಬರನ್ನು ಸೇರಿಸುತ್ತಾ ಹೋದಳು: ಇಲ್ಲಿ ಅಳಿಲು, ಇಲ್ಲಿ ಅಜ್ಜಿ, ಇಲ್ಲಿ ಅಮ್ಮ. ಬೇರೆ ಗುಡಿ ನೋಡದೆ ವಾಪಸ್ ಬಂದೆವು. ಮೆಟ್ಟಿಲು ಮಕ್ಕಳಿಗೆ ಎತ್ತರ, ಒಬ್ಬ ಮಗುವಿಗೆ ಒಬ್ಬ ದೊಡ್ಡವರು ಬೇಕು. ಇನ್ನೊಂದು ಮುಖ್ಯ ವಿಷಯ, ಒಂಬತ್ತೂವರೆ ಆದರೆ ಸಾಕು, ಗುಡಿಯ ಅಂಗಳದ ಕಲ್ಲು ಬರಿಗಾಲು ಸುಡುತ್ತದೆ. ಮಕ್ಕಳಿಗೆ ದಪ್ಪನೆಯ ಕಾಲುಚೀಲ ತೆಗೆದುಕೊಂಡು ಹೋಗಿ.

ಹಾವೇರಿ ಕಡೆ ಎರಡು ಜಾಗ ನನಗೆ ಇಷ್ಟ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ಹೆದ್ದಾರಿಯ ಬದಿಗೇ ಇದೆ. ಕಲಾವಿದ ಟಿ.ಬಿ. ಸೊಲಬಕ್ಕನವರ್ ಕಟ್ಟಿದ್ದು. ಹಳ್ಳಿಯ ಮನೆ, ದನ, ಕೆಲಸ ಮಾಡುವ ಜನ ಎಲ್ಲ ಗೊಂಬೆಗಳೇ, ಆದರೆ ಜೀವಂತ ಇದ್ದ ಹಾಗೆ ಕಾಣುತ್ತದೆ. ಸಣ್ಣವನು ಬಿಸಿಲಲ್ಲಿ ಕೂತಿದ್ದ ಒಬ್ಬ ಗೊಂಬೆ ಮುದುಕನ ಬಾಯಿಗೆ ತನ್ನ ನೀರಿನ ಬಾಟಲಿ ಹಿಡಿದು ನಿಂತ. ನಾನು ತಡೆಯಲಿಲ್ಲ. ಇನ್ನೊಂದು ಬಂಕಾಪುರದ ನವಿಲು ಧಾಮ. ಹಳೆಯ ಕೋಟೆಯೊಳಗೆ ಖಿಲಾರಿ ದನಗಳ ತಳಿ ಕೇಂದ್ರ ಇದೆ, ಅದರ ಗಿಡಮರಗಳ ನಡುವೆ ನವಿಲುಗಳು. ನಸುಕಿನಲ್ಲಿ ಮುಟ್ಟಬೇಕು, ಮಾತು ಕಡಿಮೆ ಇರಬೇಕು. ಮಕ್ಕಳಿಗೆ ಮೊದಲೇ "ಕಿವಿಯಿಂದ ಹುಡುಕೋಣ" ಅಂತ ಹೇಳಿಟ್ಟರೆ ಸುಮ್ಮನಿರುತ್ತಾರೆ. ಕೂಗು ಕೇಳಿದ ಕಡೆ ಬೆರಳು ತೋರಿಸಿದವರು ಗೆದ್ದ ಹಾಗೆ.

ಮೇ ತಿಂಗಳಲ್ಲಿ ಸಂಜೆ ಅಡ್ಡಮಳೆ ನೋಡಿಕೊಳ್ಳಿ. ಗುಡುಗು ಕೇಳಿದರೆ ಮರದ ಕೆಳಗೆ ನಿಲ್ಲಬೇಡಿ, ಕಟ್ಟಡದೊಳಗೋ ಕಾರಿನೊಳಗೋ ಹೋಗಿ. ಅಂಥ ದಿನ ಕೆರೆಯ ದೋಣಿ ಬೇಡ.

ಮನೆಗೆ ಬಂದ ಮೇಲೆ ಒಂದು ಕೆಲಸ ಇದೆ. ಇಬ್ಬರಿಗೂ ಒಂದೊಂದು ಇನ್ನೂರು ಪುಟದ ವಹಿ ಕೊಡಿಸಿದ್ದೇನೆ. ಮಧ್ಯಾಹ್ನ ಊಟ ಆಗಿ ಮಲಗುವ ಮುಂಚೆ ಆವತ್ತಿನ ಟಿಕೆಟ್ ಅಂಟಿಸಿ, ಪಕ್ಕದಲ್ಲಿ ಒಂದು ಚಿತ್ರ ಬರೆಯಬೇಕು. ಲಕ್ಕುಂಡಿಯ ಪುಟದಲ್ಲಿ ದೊಡ್ಡವಳು ಸಾಲು ಗೂಡು ಬರೆದು ಎಲ್ಲಕ್ಕೂ ಬಾಗಿಲು ಹಚ್ಚಿದ್ದಾಳೆ. ಸಣ್ಣವನದು ಎಲ್ಲ ಪುಟದಲ್ಲೂ ಗೂಡ್ಸ್ ಗಾಡಿಯೇ.