ಮರಿ ನೋಡಿ ಮರುಳಾಗಬೇಡಿ: ಅಮೆರಿಕದಲ್ಲಿರುವ ನಮ್ಮವರು ರ‍್ಯಾಟ್ ಸ್ನೇಕ್ ಆರಿಸುವ ಬಗೆ

ನಾನು ಪ್ರಾಣಿಶಾಸ್ತ್ರ ಪಾಠ ಹೇಳಿದ ದಾವಣಗೆರೆಯ ಹುಡುಗ ಹುಡುಗಿಯರು ಈಗ ಡಲ್ಲಾಸ್, ಷಾರ್ಲಟ್, ನ್ಯೂಜೆರ್ಸಿ ಅಂತ ಹರಡಿಕೊಂಡಿದ್ದಾರೆ. ಅವರ ಮಕ್ಕಳು ಎಂಟು ಹತ್ತು ವರ್ಷದವರಾಗುತ್ತಿದ್ದಂತೆ ನನಗೊಂದು ವಾಟ್ಸಾಪ್ ಬರುತ್ತದೆ. "ಮೇಡಂ, ಮಗಳು ಹಾವು ಬೇಕು ಅಂತ ಹಟ ಹಿಡಿದಾಳೆ. ಅಂಗಡಿಯವನು ಕಾರ್ನ್ ಸ್ನೇಕ್ ತಗೊಳ್ಳಿ ಅಂತಾನೆ. ಪಕ್ಕದ ಡಬ್ಬೀಲಿ ಟೆಕ್ಸಾಸ್ ರ‍್ಯಾಟ್ ಸ್ನೇಕ್ ಐತೆ, ಎರಡೂ ಒಂದೇ ಥರ ಕಾಣ್ತವೆ. ಯಾವುದು ತರ್ಲಿ?" ಜೊತೆಗೆ ಡಬ್ಬಿಯ ಹೊರಗಿನಿಂದ ತೆಗೆದ ಮಂಕು ಫೋಟೊ. ಷಾರ್ಲಟ್‌ನಲ್ಲಿರುವ ಮಗಳ ಮನೆಗೆ ಹೋದಾಗಲೆಲ್ಲ ಮೊಮ್ಮಗನ ಒಂದು ಕಾರ್ನ್, ಒಂದು ಕಪ್ಪು ರ‍್ಯಾಟ್ ಸ್ನೇಕ್ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೇ ಬರುವುದರಿಂದ ಉತ್ತರ ಹೇಳುವ ಅಧಿಕಾರ ಸ್ವಲ್ಪ ಇದೆ ಅಂದುಕೊಂಡಿದ್ದೇನೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ಮೊದಲು ಊರಲ್ಲಿರುವವರಿಗೆ ಒಂದು ಮಾತು. ನಮ್ಮ ಕೇರೆ ಹಾವೂ ರ‍್ಯಾಟ್ ಸ್ನೇಕೇ, ಆದರೆ ಅದನ್ನು ಹಿಡಿದು ಸಾಕುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಕಾನೂನು ಇಲ್ಲದಿದ್ದರೂ ನಾನು ಬೇಡ ಎನ್ನುತ್ತಿದ್ದೆ. ಕೇರೆ ಹಗಲಿಡೀ ಓಡಾಡುವ ಪ್ರಾಣಿ, ಆರೇಳು ಅಡಿ ಬೆಳೆಯುತ್ತದೆ, ಮೈಯೆಲ್ಲ ಗಾಬರಿ. ಪೆಟ್ಟಿಗೆಯಲ್ಲಿಟ್ಟರೆ ಗಾಜಿಗೆ ಮೂಗು ತಿಕ್ಕಿ ತಿಕ್ಕಿ ಗಾಯ ಮಾಡಿಕೊಳ್ಳುತ್ತದೆ. ನಮ್ಮ ಜಿಲ್ಲೆಯ ಮೆಕ್ಕೆಜೋಳದ ಹೊಲದಲ್ಲಿ, ಭದ್ರಾ ಕಾಲುವೆ ಬದಿಯ ಗದ್ದೆಯಲ್ಲಿ ಇಲಿ, ಕಪ್ಪೆ ಹಿಡಿದುಕೊಂಡು ಇರಲಿ ಬಿಡಿ. ಅಂದ ಹಾಗೆ, ಕೇರೆಯೂ ನಾಗರವೂ ಕೂಡುತ್ತವೆ ಎಂದು ಹೊಲದಲ್ಲಿ ತೋರಿಸುತ್ತಾರಲ್ಲ, ಆ ಹೆಣೆದುಕೊಂಡ ಜೋಡಿ ಸಾಮಾನ್ಯವಾಗಿ ಎರಡು ಗಂಡು ಕೇರೆಗಳ ಕುಸ್ತಿ. ಇದನ್ನು ಎಷ್ಟು ಬ್ಯಾಚಿಗೆ ಹೇಳಿದರೂ ಮನೆಗೆ ಹೋಗಿ ಅಜ್ಜಿಯ ಮಾತನ್ನೇ ನಂಬುತ್ತಿದ್ದರು. ಇನ್ನು ಅಮೆರಿಕದಿಂದ ಬರುವಾಗ ಬ್ಯಾಗಿನಲ್ಲಿ ಒಂದು ಮರಿ ತರಲಾ ಎಂದು ಕೇಳಿದವರೂ ಇದ್ದಾರೆ. 2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದವರೊಬ್ಬರ ಬ್ಯಾಗಿನಲ್ಲಿ ಹತ್ತು ಹಳದಿ ಅನಕೊಂಡ ಸಿಕ್ಕದ್ದು ನಮ್ಮ ಬೆಂಗಳೂರು ವಿಮಾನ ನಿಲ್ದಾಣದಲ್ಲೇ. ಆ ಸಾಲಿಗೆ ಸೇರಬೇಡಿ.

ಈಗ ಆ ಎರಡು ಡಬ್ಬಿಗಳ ವಿಷಯ. ಕಾರ್ನ್ ಕೂಡ ಒಂದು ರ‍್ಯಾಟ್ ಸ್ನೇಕೇ; ಉತ್ತರ ಅಮೆರಿಕದ ಈ ಹಾವುಗಳೆಲ್ಲ ಪ್ಯಾಂಥೆರೋಫಿಸ್ ಎಂಬ ಒಂದೇ ಕುಲದವು. ಹಳೆಯ ಪುಸ್ತಕಗಳಲ್ಲಿ ಎಲಾಫೆ ಎಂದಿರುತ್ತದೆ, ಗಾಬರಿಯಾಗಬೇಡಿ, ಹಾವು ಅದೇ. ಯಾವುದಕ್ಕೂ ವಿಷವಿಲ್ಲ, ಎಲ್ಲವೂ ಇಲಿಯನ್ನು ಸುತ್ತಿ ಬಿಗಿದು ಕೊಲ್ಲುವಂಥವು. ತೊಂದರೆ ಏನೆಂದರೆ ಇವುಗಳ ಮರಿಗಳು ಹೆಚ್ಚುಕಡಿಮೆ ಒಂದೇ ರೂಪ. ಕಪ್ಪು, ಹಳದಿ, ಬೂದು, ಟೆಕ್ಸಾಸ್, ಈ ನಾಲ್ಕು ಬಗೆಯ ರ‍್ಯಾಟ್ ಸ್ನೇಕಿನ ಮರಿಯೂ ಬೂದು ಮೈಯ ಮೇಲೆ ಗಾಢ ಕಂದು ಪಟ್ಟೆಗಳಿರುವ ಒಂದಡಿ ಹಾವು. ಎರಡು ಮೂರು ವರ್ಷದಲ್ಲಿ ಒಂದು ಪೂರ್ತಿ ಕಪ್ಪಾಗುತ್ತದೆ, ಇನ್ನೊಂದಕ್ಕೆ ಪಟ್ಟೆ ಮಾಸಿ ಉದ್ದಕ್ಕೆ ನಾಲ್ಕು ಗೆರೆ ಮೂಡಿ ಹಳದಿಯಾಗುತ್ತದೆ, ಉಳಿದೆರಡು ಪಟ್ಟೆಯನ್ನೇ ಇಟ್ಟುಕೊಂಡು ದೊಡ್ಡವಾಗುತ್ತವೆ. ಕೆಂಪು ಬಣ್ಣವಿಲ್ಲದ ಕಾರ್ನ್ ಮರಿಯೂ ಇವುಗಳ ಜೊತೆ ಇಟ್ಟರೆ ಸಲೀಸಾಗಿ ಬೆರೆತುಹೋಗುತ್ತದೆ. ಆದ್ದರಿಂದ ನನ್ನ ಸಲಹೆ ಇಷ್ಟೇ: ಮರಿಯ ಚಂದ ನೋಡಿ ತರಬೇಡಿ, ಅದರ ತಂದೆ ತಾಯಿಯನ್ನು ನೋಡಿ ತನ್ನಿ. ಇಪ್ಪತ್ತು ವರ್ಷ ಬದುಕುವ ಪ್ರಾಣಿ ಇದು. ಹತ್ತು ವರ್ಷದ ಮಗಳು ಕಾಲೇಜಿಗೆ ಹೋದ ಮೇಲೆ ಅದರ ನೀರು ಬದಲಿಸುವವರು ನೀವೇ.

ಅಂಗಡಿಯವನ ಚೀಟಿ ನಂಬುವ ಬದಲು ತಲೆ ನೋಡುವುದನ್ನು ಕಲಿಯಿರಿ. ಕಾರ್ನ್ ಮರಿಯ ಕುತ್ತಿಗೆಯಿಂದ ಎರಡು ಗೆರೆ ಮುಂದೆ ಬಂದು ಕಣ್ಣುಗಳ ನಡುವೆ ಕೂಡಿ ಈಟಿಯ ಮೊನೆಯಂತಾಗಿರುತ್ತವೆ. ಕಣ್ಣಿನ ಹಿಂದಿನ ಗೆರೆ ಬಾಯಿಯ ಮೂಲೆ ದಾಟಿ ಕುತ್ತಿಗೆಯವರೆಗೂ ಹೋಗುತ್ತದೆ. ಕಪ್ಪು ಅಥವಾ ಟೆಕ್ಸಾಸ್ ಮರಿಯಲ್ಲಿ ಆ ಗೆರೆ ಬಾಯಿಯ ಹತ್ತಿರವೇ ನಿಂತುಬಿಡುತ್ತದೆ, ಈಟಿ ಇರುವುದಿಲ್ಲ, ಕಣ್ಣುಗಳ ಮುಂದೆ ಅಡ್ಡಕ್ಕೆ ಒಂದು ಪಟ್ಟಿ ಇರುತ್ತದೆ. ಮಾರುವವನಿಗೆ ಹೇಳಿ ಹೊಟ್ಟೆಯನ್ನೂ ತೋರಿಸಿಕೊಳ್ಳಿ. ಕಾರ್ನ್‌ಗೆ ಸಾಮಾನ್ಯವಾಗಿ ಕಪ್ಪು ಬಿಳಿ ಚೌಕಗಳು ಎದ್ದು ಕಾಣುತ್ತವೆ, ಬೇರೆಯವಕ್ಕೆ ಬೂದು ಮಚ್ಚೆ. ಬಣ್ಣ ಬದಲಿಸಿದ ತಳಿಗಳಲ್ಲಿ ಚೌಕ ಕಾಣದೆ ಇರಬಹುದು, ಆಗ ತಲೆಯೇ ಗತಿ.

ಮೊದಲ ಹಾವು, ಮನೆಯಲ್ಲಿ ಮಗು, ಅಪಾರ್ಟ್‌ಮೆಂಟ್: ಈ ಮೂರೂ ನಿಮ್ಮದಾದರೆ ಕಾರ್ನ್ ತನ್ನಿ, ಹೆಚ್ಚು ಯೋಚನೆ ಬೇಡ. ಮೂರರಿಂದ ಐದಡಿಗೆ ನಿಲ್ಲುತ್ತದೆ, ತಿನ್ನಲು ಹಟ ಮಾಡುವುದು ಕಡಿಮೆ, ಕೈಗೆ ತೆಗೆದುಕೊಂಡರೆ ತನ್ನ ಪಾಡಿಗೆ ಬೆರಳ ಸಂದಿಯಲ್ಲಿ ಹರಿದಾಡುತ್ತದೆ. ಅಂಗಡಿಯ ಪಟ್ಟಿಯಲ್ಲಿರುವ ಬಣ್ಣಗಳಿಗೆ ಮಾತ್ರ ಸೋಲಬೇಡಿ. ಕಪ್ಪು ಬಣ್ಣವಿಲ್ಲದ ಅಮೆಲನಿಸ್ಟಿಕ್, ಕೆಂಪಿಲ್ಲದ ಅನೆರಿ, ಎರಡೂ ಇಲ್ಲದ ಬಿಳಿಯ ಸ್ನೋ, ಇವೆಲ್ಲ ಹಳೆಯ ತಳಿಗಳು, ಆರೋಗ್ಯಕ್ಕೆ ತೊಂದರೆಯಿಲ್ಲ. ಸನ್‌ಕಿಸ್ಡ್ ಎಂಬ ತಳಿಯನ್ನು ಕೊಳ್ಳುವಾಗ 'ಸ್ಟಾರ್‌ಗೇಜರ್' ಪರೀಕ್ಷೆ ಮಾಡಿಸಿದ್ದೀರಾ ಎಂದು ಕೇಳಿ. ಆ ವಂಶದಲ್ಲಿ ನರದೋಷವೊಂದು ಹರಿದುಬಂದಿದೆ, ದೋಷವಿರುವ ಮರಿ ತಲೆ ಮೇಲೆತ್ತಿ ತೂರಾಡುತ್ತದೆ. ಮೈಮೇಲೆ ಹುರುಪೆ ಹೆಚ್ಚುಕಡಿಮೆ ಇಲ್ಲವೇ ಇಲ್ಲದ ಸ್ಕೇಲ್‌ಲೆಸ್ ಹಾವನ್ನು ನೂರಾರು ಡಾಲರಿಗೆ ಮಾರುತ್ತಾರೆ. ನೋಡಲು ವಿಚಿತ್ರ ಎನ್ನುವುದಕ್ಕಿಂತ ಹೆಚ್ಚಿನ ಗುಣ ನನಗಂತೂ ಅದರಲ್ಲಿ ಕಂಡಿಲ್ಲ. ಮಕ್ಕಳಿಗೆ ಮಾಮೂಲಿ ಕಿತ್ತಳೆ ಕೆಂಪಿನದೇ ಸಾಕು, ಅದರಷ್ಟು ಚಂದದ್ದು ಇನ್ನೊಂದಿಲ್ಲ.

ಕಾರ್ನ್‌ನ ಹತ್ತಿರದ ಸಂಬಂಧಿ ಗ್ರೇಟ್ ಪ್ಲೇನ್ಸ್ ರ‍್ಯಾಟ್ ಸ್ನೇಕ್, ಶಾಸ್ತ್ರದ ಹೆಸರು ಪ್ಯಾಂಥೆರೋಫಿಸ್ ಎಮೊರಿಯೈ. ಬೂದು ಕಂದು ಬಣ್ಣದ, ಸೌಮ್ಯ ರೂಪದ ಹಾವು. ಡಲ್ಲಾಸ್ ಸುತ್ತಮುತ್ತ ಹೊರಗೂ ಸಿಗುತ್ತದೆ. ತಲೆಯ ಈಟಿ ಇದಕ್ಕೂ ಇದೆ, ಹಾಗಾಗಿ ಕೆಂಪಿಲ್ಲದ ಕಾರ್ನ್ ಎಂದು ಇದನ್ನು ಕೊಟ್ಟರೆ ಹೊಸಬರಿಗೆ ತಿಳಿಯುವುದೇ ಇಲ್ಲ. ಎರಡನ್ನೂ ಕೂಡಿಸಿ ರೂಟ್‌ಬಿಯರ್, ಕ್ರೀಮ್‌ಸಿಕಲ್ ಎಂದು ತಿಂಡಿಯ ಹೆಸರಿಟ್ಟು ಮಾರುತ್ತಾರೆ. ಸಾಕಲು ಅಂಥ ಬೆರಕೆಯಿಂದ ನಷ್ಟವೇನಿಲ್ಲ. ಮುಂದೆ ಮರಿ ಮಾಡಿಸುವ ಆಸೆ ಇದ್ದರೆ ಬೆರಕೆಯೆಂದು ಬರೆಸಿಕೊಂಡೇ ತನ್ನಿ, ಇಲ್ಲವಾದರೆ ನಿಮ್ಮಿಂದ ಕೊಂಡವರಿಗೆ ನೀವೇ ಸುಳ್ಳು ಹೇಳಿದಂತಾಗುತ್ತದೆ.

ಕಪ್ಪು ರ‍್ಯಾಟ್ ಸ್ನೇಕ್ ನನಗೆ ಇಷ್ಟ. ಆರಡಿ ಬೆಳೆಯುತ್ತದೆ, ಕೆಲವು ಅದನ್ನೂ ಮೀರುತ್ತವೆ. ಕಾರ್ನ್ ಬಿಲ ಸೇರಿ ದಿನವಿಡೀ ಮಲಗಿದ್ದರೆ ಇದು ಕೊಂಬೆಯ ಮೇಲೆ ಕೂತು ಮನೆಯವರನ್ನೆಲ್ಲ ಗಮನಿಸುತ್ತದೆ. ಇದರ ಹೊಟ್ಟೆ ಚಪ್ಪಟೆ, ಅಂಚು ಚೂಪು, ಅಡ್ಡಕ್ಕೆ ಕತ್ತರಿಸಿದರೆ ಬ್ರೆಡ್ಡಿನ ತುಂಡಿನ ಆಕಾರ. ಆ ಅಂಚನ್ನು ತೊಗಟೆಗೆ ಒತ್ತಿ ನೆಟ್ಟಗೆ ಮರ ಹತ್ತುತ್ತದೆ. ಹಾಗಾಗಿ ಇದಕ್ಕೆ ಎತ್ತರದ ಪೆಟ್ಟಿಗೆ, ಗಟ್ಟಿ ಕೊಂಬೆ, ಚಿಲಕವಿರುವ ಮುಚ್ಚಳ ಕಡ್ಡಾಯ. ಮರಿಯಾಗಿದ್ದಾಗ ಸಿಟ್ಟು ಜಾಸ್ತಿ: ಬಾಲ ಅಲ್ಲಾಡಿಸಿ ಸದ್ದು ಮಾಡುತ್ತದೆ, ಕಚ್ಚಲು ಬರುತ್ತದೆ, ಹಿಡಿದರೆ ಹಿಂಬದಿಯಿಂದ ಗಬ್ಬು ವಾಸನೆಯ ದ್ರವ ಬಿಡುತ್ತದೆ. ಒಂದೆರಡು ವರ್ಷ ತಾಳ್ಮೆಯಿಂದ ಆಡಿಸಿದರೆ ಬಹುಪಾಲು ಪಳಗುತ್ತವೆ. ಹಳದಿ, ಬೂದು ಇವುಗಳ ಸ್ವಭಾವವೂ ಇದೇ. ಟೆಕ್ಸಾಸ್‌ನದ್ದು ಮಾತ್ರ ಮುಂಗೋಪಿ ಎಂಬ ಹೆಸರು ಹೊತ್ತಿದೆ. ಅಚ್ಚ ಬಿಳಿಯ ಲ್ಯೂಸಿಸ್ಟಿಕ್ ಟೆಕ್ಸಾಸ್ ನೋಡಿದರೆ ಯಾರಿಗಾದರೂ ಆಸೆ ಹುಟ್ಟುತ್ತದೆ, ಆದರೆ ಆ ವಂಶದಲ್ಲಿ ಕಣ್ಣು ಉಬ್ಬಿದ ಮರಿಗಳು ಆಗಾಗ ಹುಟ್ಟುತ್ತವೆ. ಕಣ್ಣನ್ನು ಎರಡೂ ಕಡೆಯಿಂದ ನೋಡಿಯೇ ದುಡ್ಡು ಕೊಡಿ.

ಬೇರ್ಡ್ಸ್ ರ‍್ಯಾಟ್ ಸ್ನೇಕ್ ಎಂಬುದು ಪಶ್ಚಿಮ ಟೆಕ್ಸಾಸ್ ಮತ್ತು ಮೆಕ್ಸಿಕೋ ಗಡಿಯ ಕಲ್ಲುಬೆಟ್ಟಗಳದ್ದು. ಚಿತ್ರದುರ್ಗದ ಬಂಡೆ ನೋಡಿದವರಿಗೆ ಅದರ ಊರು ಹೇಗಿರಬಹುದೆಂದು ಊಹಿಸುವುದು ಕಷ್ಟವಲ್ಲ. ಮರಿ ಸಪ್ಪೆ ಬೂದು, ದೊಡ್ಡದಾದ ಮೇಲೆ ಲೋಹದ ಹೊಳಪಿನ ಮೈಯಲ್ಲಿ ಕಿತ್ತಳೆ ಛಾಯೆ. ಸ್ವಭಾವ ಶಾಂತ, ಗಾತ್ರ ಕಾರ್ನ್‌ನಷ್ಟೇ. ಮಗುವಿಗೆ ಕಾಯುವ ಬುದ್ಧಿ ಇದ್ದರೆ ನನ್ನ ಎರಡನೇ ಆಯ್ಕೆ ಇದು. ಏಷ್ಯಾದ ತೈವಾನ್ ಬ್ಯೂಟಿ ಮುಂತಾದ ಉದ್ದನೆಯ ಚುರುಕು ಹಾವುಗಳು ಮೊದಲ ಸಲ ಸಾಕುವವರಿಗಲ್ಲ.

ಇನ್ನು ಯಾರೂ ಮೊದಲೇ ಕೇಳದ, ಆಮೇಲೆ ಮನೆಯಲ್ಲಿ ಜಗಳಕ್ಕೆ ಕಾರಣವಾಗುವ ವಿಷಯ: ಊಟ. ಈ ಹಾವುಗಳಿಗೆ ಇಡೀ ಇಲಿಯೇ ಬೇಕು. ಹಾಲು ಕುಡಿಸುತ್ತೇನೆ, ಪನೀರ್ ಕೊಡುತ್ತೇನೆ ಎಂದರೆ ನಡೆಯದು. ಕೊಂದು ಹೆಪ್ಪುಗಟ್ಟಿಸಿದ ಇಲಿಗಳು ಪ್ಯಾಕೆಟ್ಟಿನಲ್ಲಿ ಬರುತ್ತವೆ, ಫ್ರೀಜರಿನಲ್ಲಿಟ್ಟು, ಬೇಕಾದಾಗ ಬಿಸಿ ನೀರಿನಲ್ಲಿ ಕರಗಿಸಿ ಚಿಮಟದಲ್ಲಿ ಹಿಡಿದು ಕೊಡಬೇಕು. ಮೊಟ್ಟೆಯೂ ಒಳಗೆ ಬಾರದ ಲಿಂಗಾಯತರ ಮನೆಯಲ್ಲಿ ಇದು ಸಣ್ಣ ಮಾತಲ್ಲ. ನನ್ನ ಮಗಳು ಗ್ಯಾರೇಜಿನಲ್ಲಿ ಬೇರೆ ಪುಟ್ಟ ಫ್ರೀಜರ್ ಇಟ್ಟಳು, ಅಡುಗೆಮನೆಯ ಪಾತ್ರೆ ಮುಟ್ಟಬಾರದೆಂದು ನಿಯಮ ಮಾಡಿದಳು. ಊರಿಂದ ಅತ್ತೆ ಮಾವ ಬಂದು ಆರು ತಿಂಗಳು ಇರುವ ಮನೆಯಾದರೆ ಹಾವು ತರುವ ಮುಂಚೆ ಅವರ ಹತ್ತಿರ ಮಾತಾಡಿ. ಯಾರಾದರೂ ಒಪ್ಪದಿದ್ದರೆ ಹಾವನ್ನೇ ಬಿಡಿ, ಸೊಪ್ಪು ತಿನ್ನುವ ಆಮೆ ಇದೆಯಲ್ಲ. ತಿನ್ನಿಸುವ ಲೆಕ್ಕ ಸುಲಭ: ಇಲಿಯ ದಪ್ಪ ಹಾವಿನ ಅತಿ ದಪ್ಪ ಭಾಗಕ್ಕಿಂತ ತುಸುವೇ ಹೆಚ್ಚಿರಲಿ, ಮರಿಗೆ ಐದರಿಂದ ಏಳು ದಿನಕ್ಕೊಮ್ಮೆ, ದೊಡ್ಡದಕ್ಕೆ ಹತ್ತರಿಂದ ಹದಿನಾಲ್ಕು ದಿನಕ್ಕೊಮ್ಮೆ. ತಿಂದ ಮೇಲೆ ಎರಡು ದಿನ ಎತ್ತಬೇಡಿ, ಕಕ್ಕಿಬಿಡುತ್ತದೆ.

ಗಾತ್ರ ಬಿಟ್ಟರೆ ಪೆಟ್ಟಿಗೆಯ ವಿಷಯದಲ್ಲಿ ಈ ಹಾವುಗಳ ನಡುವೆ ದೊಡ್ಡ ವ್ಯತ್ಯಾಸವಿಲ್ಲ. ದೊಡ್ಡ ಕಾರ್ನ್‌ಗೆ ನಾಲ್ಕಡಿ ಉದ್ದ, ಎರಡಡಿ ಅಗಲ ಇರಲಿ. ಕಪ್ಪು ರ‍್ಯಾಟ್ ಸ್ನೇಕಿಗೆ ಅದಕ್ಕಿಂತ ಉದ್ದವೂ ಎತ್ತರವೂ ಬೇಕು. ಒಂದು ತುದಿ 30 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬೆಚ್ಚಗೆ, ಇನ್ನೊಂದು ತುದಿ 24ರ ಹತ್ತಿರ ತಣ್ಣಗೆ, ಎರಡೂ ಕಡೆ ಅಡಗಲು ಗೂಡು. ಹೀಟರಿಗೆ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಇಲ್ಲದೆ ಸ್ವಿಚ್ ಹಾಕಲೇಬೇಡಿ, ಹಾವಿನ ಹೊಟ್ಟೆ ಸುಟ್ಟರೂ ಅದು ಕೂಗುವುದಿಲ್ಲ. ತಳಕ್ಕೆ ಆಸ್ಪೆನ್ ಮರದ ಹೊಟ್ಟು ಹಾಕಿ, ಸೀಡರ್ ಬೇಡ. ಒಂದು ಪೆಟ್ಟಿಗೆಗೆ ಒಂದೇ ಹಾವು. ಜೊತೆ ಬೇಕಲ್ಲವೇ, ಪಾಪ, ಎನ್ನುವುದು ನಮ್ಮ ಮನಸ್ಸಿನ ಮಾತು, ಅದರದ್ದಲ್ಲ.

ಕೊಳ್ಳುವ ದಿನ ಮರಿ ಮೊಟ್ಟೆಯೊಡೆದು ಬಂದದ್ದು ಯಾವಾಗ, ಎಷ್ಟು ಸಲ ತಿಂದಿದೆ ಎಂದು ಬರೆದಿಟ್ಟದ್ದನ್ನು ಕೇಳಿ. ಹೆಪ್ಪುಗಟ್ಟಿಸಿದ ಇಲಿಯನ್ನು ಕನಿಷ್ಠ ಮೂರ್ನಾಲ್ಕು ಸಲ ತಿಂದಿರದ ಮರಿ ಬೇಡ. ಕಾಡಿನಿಂದ ಹಿಡಿದದ್ದನ್ನು ಅಗ್ಗಕ್ಕೆ ಕೊಟ್ಟರೂ ಬೇಡ, ಹುಳ ಉಣ್ಣೆ ಜೊತೆಗೇ ಬರುತ್ತವೆ. ಕೈಯಲ್ಲಿ ಹಿಡಿದಾಗ ಮೈ ಬಿಗಿಯಾಗಿರಬೇಕು, ಬೆನ್ನೆಲುಬು ಸೊಟ್ಟ ಇರಬಾರದು, ಮೂಗಿನಲ್ಲಿ ಗಾಳಿಗುಳ್ಳೆ ಏಳಬಾರದು. ನೀರಿನ ಬಟ್ಟಲಿನಲ್ಲಿ ಕರಿ ಚುಕ್ಕೆಗಳು ತೇಲುತ್ತಿದ್ದರೆ ಮೈಟ್ ಎಂಬ ರಕ್ತ ಹೀರುವ ಸಣ್ಣ ಹುಳಗಳಿವೆ ಎಂದರ್ಥ, ಆ ಅಂಗಡಿಯಿಂದ ಏನನ್ನೂ ತರಬೇಡಿ. ಕಣ್ಣು ನೀಲಿಯಾಗಿ ಮಂಜಾಗಿದ್ದರೆ ಅದು ರೋಗವಲ್ಲ, ಪೊರೆ ಬಿಡುವ ಹೊತ್ತು. ಒಂದು ವಾರ ಬಿಟ್ಟು ಬನ್ನಿ.

ನಿಮ್ಮ ರಾಜ್ಯದ ಕಾನೂನು ಮೊದಲೇ ನೋಡಿಕೊಳ್ಳಿ. ಅಟ್ಲಾಂಟಾದಲ್ಲಿರುವವರೇ, ಜಾರ್ಜಿಯಾದಲ್ಲಿ ಅಲ್ಲಿಯದೇ ಆದ ವಿಷವಿಲ್ಲದ ಹಾವನ್ನು ಪರವಾನಗಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ, ಕಾರ್ನ್ ಕೂಡ ಅದರಲ್ಲಿ ಸೇರಿದೆ. ಹವಾಯಿಯಲ್ಲಿ ಯಾವ ಹಾವನ್ನೂ ಸಾಕುವಂತಿಲ್ಲ. ಬಾಡಿಗೆ ಕರಾರನ್ನೂ ಓದಿ. ಮನೆಯಲ್ಲಿ ಐದು ವರ್ಷದೊಳಗಿನ ಮಗು ಇದ್ದರೆ ಹಾವು ಸದ್ಯಕ್ಕೆ ಬೇಡ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯಕ್ಕೆ ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯೇ ಹಾಗೆ ಹೇಳುತ್ತದೆ. ದೊಡ್ಡ ಮಕ್ಕಳೂ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲಿ.

ಕೊನೆಯದಾಗಿ, ಬೇಸಿಗೆ ರಜೆಗೆ ಊರಿಗೆ ಬರುವ ಲೆಕ್ಕ. ಬೆಳೆದ ಹಾವು ಎರಡು ಮೂರು ವಾರ ಊಟವಿಲ್ಲದೆ ನಿಶ್ಚಿಂತೆಯಿಂದ ಇರುತ್ತದೆ, ಮರಿಗೆ ಅಷ್ಟು ಕಾಲ ಆಗದು. ಅದಕ್ಕೇ ಮೇ ತಿಂಗಳಲ್ಲಿ ಮರಿ ತರಬೇಡಿ, ವಾಪಸ್ ಹೋದ ಮೇಲೆ ಆಗಸ್ಟಿನಲ್ಲೋ ಸೆಪ್ಟೆಂಬರಿನಲ್ಲೋ ತನ್ನಿ. ಕಾರ್ನ್ ಮೊಟ್ಟೆಗಳು ಒಡೆಯುವುದೂ ಬೇಸಿಗೆಯ ಕೊನೆಗೇ, ಆಗ ಆಯ್ಕೆಯೂ ಹೆಚ್ಚು. ಮರುವರ್ಷ ಬರುವಾಗ ಪಕ್ಕದ ಮನೆಯವರಿಗೆ ಕೀಲಿ ಕೊಟ್ಟು ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ಥರ್ಮೋಸ್ಟಾಟ್ ನೋಡಿ, ಚಿಲಕ ಹಾಕಲು ಹೇಳಿ. ಇಲಿ ಕೊಡುವ ಕೆಲಸ ಅವರಿಗೆ ಹಚ್ಚಬೇಡಿ.